ತಂತಿಬೇಲಿಯನ್ನು ಯಾರೂ ತೋರಿಸಲಿಲ್ಲ

ಕಳೆದ ನವೆಂಬರಿನಲ್ಲಿ ಅರ್ಜೆಂಟೀನಾ ದೇಶದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದಲ್ಲಿ ಮೂರು ವಾರಗಳ ಕಾಲ ಇರತಕ್ಕ ಸಂದರ್ಭ ನನಗೆ ಒದಗಿತು. ಆರು ತಿಂಗಳ ವ್ಯಾಸಂಗಕ್ಕೆಂದು ಅಲ್ಲಿಗೆ ಹೋಗಿದ್ದ ನನ್ನ ಮೊಮ್ಮಗಳ ವಿದ್ಯಾರ್ಥಿವೃಂದವನ್ನು, ಸ್ಪ್ಯಾನಿಷ್ ಭಾಷಾಪಾಠದ ಒಂದು ಅಂಗವಾಗಿ, ನಗರದ ವಾಯವ್ಯಕ್ಕೆ ಸುಮಾರು 110 ಕಿಲೋಮೀಟರ್ ದೂರದ ಸಾನ್ ಅಂತೋನಿಯೊ ದೆ ಅರೆಕೊ ಎಂಬ ಊರಿನ ಬಳಿಯ ಹಳೆಯದೊಂದು ಎಸ್ತಾನ್ಸಿಯಕ್ಕೆ, ಎಂದರೆ ದನಗಳನ್ನು ಸಾಕುವ ವಿಸ್ತಾರವಾದ ಜಮೀನಿಗೆ, ಒಂದು ದಿನದ ಮಟ್ಟಿಗೆ ಕರೆದೊಯ್ಯುವುದೆಂದು ಗೊತ್ತಾಗಿದ್ದಿತು. ಬಸ್ಸಿನಲ್ಲಿ ಎರಡು ಜಾಗ ಉಳಿದಿದ್ದುವಾಗಿ, "ತಾತ, ನೀವೂ ಬನ್ನಿ, ದನ ನೋಡಬಹುದು" ಎಂದು ಅವಳು ಕರೆದಳು. ಹಾಸನ ಸೀಮೆಯಲ್ಲಿ ಹುಟ್ಟಿ, ಕೊಟ್ಟಿಗೆಯ ಬಾಗಿಲಲ್ಲೇ ಅಂಬೆಗಾಲಿಟ್ಟು ಬೆಳೆದವನಿಗೆ ದನ ನೋಡಲು ಎರಡು ಸಮುದ್ರ ದಾಟಬೇಕೆ ಎಂದು ನಕ್ಕೆನಾದರೂ, ಮರುದಿನ ಬೆಳಗ್ಗೆ ಎಂಟಕ್ಕೆ ಎಲ್ಲರಿಗಿಂತ ಮೊದಲು ಬಸ್ಸಿನ ಬಳಿ ನಿಂತಿದ್ದವನು ನಾನೇ. ಬ್ಯೂನಸ್ ಐರಿಸಿನ ಬೀದಿಗಳಲ್ಲಿ ಆಗ ಜಕರಾಂಡ ಹೂವಿನ ಕಾಲ. ಬೆಂಗಳೂರಿನಲ್ಲಿ ಮಾಗಿ ಕಳೆದ ಮೇಲೆ ಕಾಣುವ ಅದೇ ನೇರಿಳೆ ಬಣ್ಣ ಅಲ್ಲಿ ನವೆಂಬರಿನಲ್ಲಿ ರಸ್ತೆಗೆ ಹಾಸಿದ್ದಿತು. ಅದರ ತವರು ಆ ಖಂಡವೇ ಎಂಬುದನ್ನು ನಮ್ಮವರು ಮರೆತು ಎಷ್ಟೋ ಕಾಲವಾಯಿತು.

ನಮ್ಮ ಬಯಲುಸೀಮೆಯ ಜನ ಬಯಲೆಂದರೇನೆಂಬುದನ್ನು ತಾವು ಬಲ್ಲೆವೆಂದುಕೊಂಡಿರುತ್ತಾರೆ; ಆದರೆ ನಮ್ಮ ಬಯಲಿಗೆ ದೂರದಲ್ಲಾದರೂ ಒಂದು ಗುಡ್ಡದ ಅಂಚುಂಟು, ಒಂದು ಬಂಡೆಯುಂಟು, ಬಂಡೆಯ ಮೇಲೊಂದು ಗುಡಿಯುಂಟು. ಅರ್ಜೆಂಟೀನಾದ ಪಾಂಪಾ ಎಂಬ ಆ ಮಹಾಬಯಲಿಗೆ ಅಂತಹ ಯಾವ ಆಸರೆಯೂ ಇಲ್ಲ; ನೆಲವು ಎಲ್ಲಿ ಮುಗಿಯಿತೆಂದು ಕಣ್ಣು ಹುಡುಕಿ ಹುಡುಕಿ ಸೋತು ಕೊನೆಗೆ ಆಕಾಶವನ್ನೇ ಗಡಿಯೆಂದು ಒಪ್ಪಿಕೊಳ್ಳುತ್ತದೆ. ಬಸ್ಸು ಒಂದು ಗಂಟೆ ಓಡಿದರೂ ಒಂದು ದನವೂ ಕಾಣಬರಲಿಲ್ಲ. ಇಕ್ಕೆಲಗಳಲ್ಲೂ ಹೊಂಬಣ್ಣಕ್ಕೆ ತಿರುಗುತ್ತಿದ್ದ ಗೋಧಿ, ಆಗತಾನೆ ಬಿತ್ತನೆಯಾದ ಸೋಯಾ ಹೊಲ. "ದನ ಎಲ್ಲಿ ತಾತ?" ಎಂದು ಮೊಮ್ಮಗಳು ಕೇಳಿದಳು. ಅದು ಆ ದಿನದ ಅತ್ಯಂತ ಯೋಗ್ಯವಾದ ಪ್ರಶ್ನೆಯಾಗಿದ್ದಿತು. ಅದಕ್ಕೆ ಸಂಜೆಯವರೆಗೂ ಯಾರೂ ಉತ್ತರ ಕೊಡಲಿಲ್ಲ. ಮನುಷ್ಯರಿಗಿಂತ ದನಗಳ ಸಂಖ್ಯೆಯೇ ಹೆಚ್ಚಾಗಿರುವ ಆ ದೇಶದಲ್ಲಿ, 1996ರಲ್ಲಿ ಕಳೆನಾಶಕಕ್ಕೆ ಸಾಯದ ಕುಲಾಂತರಿ ಸೋಯಾ ಬೀಜಕ್ಕೆ ಅನುಮತಿ ದೊರೆತಂದಿನಿಂದ, ಅತ್ಯುತ್ತಮವಾದ ಹುಲ್ಲುಗಾವಲು ಕ್ರಮಕ್ರಮವಾಗಿ ಉಳುವ ನೆಲವಾಗಿ, ದನಗಳು ಬರಡು ಪ್ರಾಂತಗಳಿಗೂ, ದೊಡ್ಡಿಯಲ್ಲಿ ಕಟ್ಟಿ ಕಾಳು ತಿನ್ನಿಸಿ ಕೊಬ್ಬಿಸುವ ಅಂಗಳಗಳಿಗೂ ಸರಿದಿವೆ. 1901ರಿಂದ ಬ್ಯೂನಸ್ ಐರಿಸ್ ನಗರದೊಳಗೇ ನಡೆಯುತ್ತಿದ್ದ ಲಿನಿಯೆರ್ಸ್ ಎಂಬ ಪ್ರಸಿದ್ಧ ದನದ ಸಂತೆಯೂ 2022ರಲ್ಲಿ ಕಾನ್ಯುಯೆಲಾಸ್ ಎಂಬಲ್ಲಿಗೆ ಸಾಗಿಹೋಯಿತು.

ಎಸ್ತಾನ್ಸಿಯದ ಹೆಬ್ಬಾಗಿಲಿನಿಂದ ಮನೆಯವರೆಗೆ ನೀಲಗಿರಿ ಮರಗಳ ಸಾಲು. ಮನೆ ಕೆಂಪು ಮಿಶ್ರಿತ ಗುಲಾಬಿ ಬಣ್ಣದ್ದು. ವಿಶಾಲವಾದ ಜಗಲಿ, ಅದರ ಕಂಬಗಳಿಗೆ ಹಬ್ಬಿದ ಬಳ್ಳಿ. ಎದುರಿಗೊಂದು ಒಂಬು, ಬೇರುಗಳು ಆನೆಯ ಪಾದಗಳಂತೆ ನೆಲದ ಮೇಲೆ ಹರಡಿಕೊಂಡು, ಪಾಂಪಾದಲ್ಲಿ ದಾರಿಹೋಕನಿಗೆ ನಮ್ಮ ಊರ ಮುಂದಿನ ಅರಳಿಮರವಿದ್ದಂತೆ ಇರುವ ವೃಕ್ಷ. ವಿದ್ಯಾರ್ಥಿಗಳು ಇಪ್ಪತ್ತನಾಲ್ಕು ಮಂದಿ, ಎಂಟೊಂಬತ್ತು ದೇಶಗಳವರು. ಅವರನ್ನು ಸ್ವಾಗತಿಸಲು ಮೂವರು ಗೌಚೊಗಳು, ಎಂದರೆ ಆ ನಾಡಿನ ಕುದುರೆ ಸವಾರ ದನಗಾಹಿಗಳು, ಚುನ್ನಟದ ಚಲ್ಲಣ, ಹಗ್ಗದ ತಳದ ಬಟ್ಟೆಯ ಪಾದರಕ್ಷೆ, ಬೆಳ್ಳಿ ನಾಣ್ಯಗಳನ್ನು ಪೋಣಿಸಿದ ಅಗಲವಾದ ನಡುಪಟ್ಟಿ, ಅದರ ಹಿಂಬದಿಯಲ್ಲಿ ಓರೆಯಾಗಿ ಸಿಕ್ಕಿಸಿದ ಉದ್ದನೆಯ ಕತ್ತಿ, ಇವುಗಳಿಂದ ಅಲಂಕೃತರಾಗಿ ನಿಂತಿದ್ದರು. ತಟ್ಟೆಯಲ್ಲಿ ಕರಿದ ಎಂಪನಾದಾ ಬಂದಿತು. ನೋಡಲು ನಮ್ಮ ಕರ್ಜಿಕಾಯಿಯ ಅಣ್ಣನಂತೆ, ಒಳಗೆ ಮಾತ್ರ ಕೊಚ್ಚಿದ ಮಾಂಸ. ಮಾಂಸವೇ ನಾಡಿನ ಗುರುತಾಗಿರುವ ಸ್ಥಳಕ್ಕೆ ಸಸ್ಯಾಹಾರಿಯೊಬ್ಬನು ಹೋದರೆ ಅವನ ಸ್ಥಿತಿ ಏಕಾದಶಿಯ ದಿನ ಮದುವೆಮನೆಗೆ ಹೋದವನದು. ಮಧ್ಯಾಹ್ನ ಕೆಂಡದ ಮೇಲೆ ಪಕ್ಕೆಲುಬು, ಸಾಸೇಜು, ರಕ್ತದ ಕಡುಬು ಇವೆಲ್ಲ ಸರದಿಯ ಮೇಲೆ ಬೇಯುತ್ತಿರುವಾಗ ಅಡುಗೆಯ ಮುದುಕನು ನನ್ನನ್ನು ಕಂಡು ಕನಿಕರಪಟ್ಟು, ಗಿಣ್ಣಿನ ದಪ್ಪ ಬಿಲ್ಲೆಯೊಂದನ್ನು ಅದೇ ಕೆಂಡದ ಬದಿಯಲ್ಲಿ ಸುಟ್ಟು, ಮೇಲೆ ಒಣಗಿದ ಸೊಪ್ಪಿನ ಪುಡಿ ಉದುರಿಸಿ, ಬ್ರೆಡ್ಡಿನೊಂದಿಗೆ ತಂದಿಟ್ಟನು. ಅದರ ರುಚಿಯನ್ನು ಈಗಲೂ ನೆನೆಯುತ್ತೇನೆ.

ಮಾತೆ ಎಂಬ ಆ ನಾಡಿನ ಎಲೆಯ ಪಾನೀಯವನ್ನು ಕುಡಿಯುವ ವಿಧಿಯೊಂದನ್ನು ಮಾತ್ರ ಮಕ್ಕಳು ನಿಜವಾಗಿ ಕಲಿತರೆಂದು ನನಗೆ ತೋರಿತು. ಒಣಗಿದ ಸೋರೆಬುರುಡೆಯ ಪಾತ್ರೆಯಲ್ಲಿ ಮುಕ್ಕಾಲು ಪಾಲು ಎಲೆಯ ಪುಡಿ. ಅದಕ್ಕೆ ಕುದಿಯದ, ಆದರೆ ಕೈ ಸುಡುವಷ್ಟು ಬಿಸಿಯಾದ ನೀರು. ಕೆಳತುದಿಯಲ್ಲಿ ಜರಡಿಯುಳ್ಳ ಲೋಹದ ನಳಿಗೆ. ಹೊಯ್ಯುವವನೊಬ್ಬನೇ, ಅವನು ತುಂಬಿ ಕೊಟ್ಟುದನ್ನು ಒಬ್ಬನು ಬರಿದುಮಾಡಿ ಹಿಂತಿರುಗಿಸಬೇಕು, ಅವನು ಮತ್ತೆ ತುಂಬಿ ಮುಂದಿನವನಿಗೆ ಕೊಡಬೇಕು, ಒಂದೇ ಪಾತ್ರೆ, ಒಂದೇ ನಳಿಗೆ. ನಳಿಗೆಯನ್ನು ಕಲಕಿದರೆ ಹೊಯ್ಯುವವನಿಗೆ ಅಪಮಾನ. 'ಧನ್ಯವಾದ' ಎಂದರೆ ಇನ್ನು ಸಾಕೆಂದು ಅರ್ಥ. ಮೊದಲ ಗುಟುಕಿಗೇ ಸೌಜನ್ಯದಿಂದ ಧನ್ಯವಾದ ಹೇಳಿದ ಯೂರೋಪಿನ ಹುಡುಗನೊಬ್ಬನಿಗೆ ಆಮೇಲೆ ಪಾತ್ರೆ ಬರಲೇ ಇಲ್ಲ. ಪಾಪ, ಎರಡು ಸುತ್ತು ಕೈನೀಡಿ ಕುಳಿತಿದ್ದನು. ಎಂಜಲು ಎಂಬ ಭಾವನೆಯಲ್ಲಿ ಬೆಳೆದ ನಾನು ನನ್ನ ಸರದಿ ಬಂದಾಗ ಕ್ಷಣಮಾತ್ರ ಹಿಂಜರಿದೆನೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೊಮ್ಮಗಳು ನನ್ನತ್ತ ನೋಡಿ ನಗುತ್ತಿದ್ದಳು. ಕುಡಿದೆ. ಬೇವಿನ ಕಷಾಯಕ್ಕೆ ಹೊಗೆಯ ವಾಸನೆ ಸೇರಿದಂತೆ ಇದ್ದಿತು.

ಊಟವಾದ ಮೇಲೆ ಗಿಟಾರು, ಕುಣಿತ. ಅದಾದ ಮೇಲೆ ಉಂಗುರದ ಪಂದ್ಯ. ಎತ್ತರವಾದ ಎರಡು ಕಂಬಗಳಿಗೆ ಅಡ್ಡವಾಗಿ ಕಟ್ಟಿದ ತೊಲೆಯಿಂದ, ಬೆರಳಿಗೆ ತೊಡುವಷ್ಟೇ ಸಣ್ಣದಾದ ಉಂಗುರವೊಂದು ತೂಗುತ್ತಿರುತ್ತದೆ. ಸವಾರನು ನೂರು ಗಜ ದೂರದಿಂದ ಕುದುರೆಯನ್ನು ನಾಗಾಲೋಟದಲ್ಲಿ ಬಿಟ್ಟು, ರಿಕಾಪುಗಳ ಮೇಲೆ ಎದ್ದು ನಿಂತು, ಪೆನ್ಸಿಲಿನಷ್ಟು ಗಾತ್ರದ ಕಡ್ಡಿಯೊಂದನ್ನು ಬಲಗೈಯಲ್ಲಿ ಮುಂದಕ್ಕೆ ಚಾಚಿ, ಆ ಉಂಗುರವನ್ನು ಚುಚ್ಚಿ ಕೀಳಬೇಕು. ಮೂವರಲ್ಲಿ ಹಿರಿಯನು, ಅರವತ್ತರ ಮೇಲಿನವನು, ಎರಡು ಸಲ ತಪ್ಪಿ ಮೂರನೆಯ ಸಲ ಕಿತ್ತನು. ತಪ್ಪಿದಾಗಲೂ ಅವನ ಕುದುರೆ ಅವನ ಮೊಣಕಾಲಿನ ಮಾತನ್ನೇ ಕೇಳುತ್ತಿದ್ದಿತು. ಲಗಾಮಿನ ಕೈ ಅಲುಗುತ್ತಲೇ ಇರಲಿಲ್ಲ. ಅವನ ಹೆಬ್ಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಪಾಶ ಬೀಸಿದ ಹಗ್ಗದ ಸುತ್ತಿಗೂ ತಡಿಗೂ ನಡುವೆ ಸಿಕ್ಕಿಕೊಂಡ ಬೆರಳು ಹಾಗೆಯೇ ಹೋಗುವುದೆಂದು, ಕೇಳಿದ ಮೇಲೆ, ಬಹು ಸಾಮಾನ್ಯವಾದ ಸಂಗತಿಯಂತೆ ಹೇಳಿದನು. ವೇಷವು ಆ ದಿನಕ್ಕಾಗಿ ತೊಟ್ಟುದೇ ಇರಬಹುದು, ಬೆರಳು ಹಾಗಲ್ಲ.

ಇಷ್ಟೂ ಚೆನ್ನಾಗಿಯೇ ಇದ್ದಿತು. ನನ್ನ ಆಕ್ಷೇಪಣೆ ಬೇರೆಯದು. ಮಾರ್ಗದರ್ಶಕಿಯಾಗಿದ್ದ ತರುಣಿ ಸುಶಿಕ್ಷಿತೆ, ಸುಭಾಷಿಣಿ. ಅವಳು ಗೌಚೊ ಎಂದರೆ ಸ್ವಾತಂತ್ರ್ಯದ ಪ್ರತೀಕ, ಗಾಳಿಯಂತೆ ಅಲೆದವನು, ಯಾರಿಗೂ ತಲೆಬಾಗದವನು ಎಂದು ವರ್ಣಿಸುತ್ತಿದ್ದಳು. ಅವಳು ನಿಂತು ವರ್ಣಿಸುತ್ತಿದ್ದುದು ಮಾತ್ರ ಏಳು ಎಳೆಯ ತಂತಿಬೇಲಿಯೊಂದಕ್ಕೆ ಒರಗಿಕೊಂಡು. ಆ ಬೇಲಿಯ ವಿಷಯವಾಗಿ ಒಂದು ಮಾತೂ ಬರಲಿಲ್ಲ. ಗೌಚೊವಿನ ಕಥೆಯನ್ನು ಹೇಳಿ ತಂತಿಯ ಕಥೆಯನ್ನು ಬಿಡುವುದೆಂದರೆ ರಾಮಾಯಣವನ್ನು ಹೇಳಿ ವನವಾಸವನ್ನು ಬಿಟ್ಟಂತೆ.

ಆ ದನಗಳು ಆ ನೆಲದವಲ್ಲ, ಕುದುರೆಗಳೂ ಅಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರೊಡನೆ ಬಂದುವು. ಹುಲ್ಲಿಗೆ ಕೊನೆಯಿಲ್ಲದ ದೇಶದಲ್ಲಿ ತಪ್ಪಿಸಿಕೊಂಡವು ಬೆಳೆದು ಲಕ್ಷೋಪಲಕ್ಷವಾಗಿ ಕಾಡುದನಗಳಾದುವು. ಅವುಗಳನ್ನು ಬೇಟೆಯಾಡುತ್ತಿದ್ದವರ ರೀತಿಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ಉದ್ದನೆಯ ಗಳುವಿನ ತುದಿಗೆ ಅರ್ಧಚಂದ್ರಾಕಾರದ ಅಲಗನ್ನು ಕಟ್ಟಿ, ಓಡುತ್ತಿರುವ ದನದ ಹಿಂಗಾಲಿನ ನರವನ್ನು ಓಡುತ್ತಿರುವ ಕುದುರೆಯ ಮೇಲಿಂದಲೇ ಕತ್ತರಿಸಿ, ಬಿದ್ದುದನ್ನು ಹಾಗೆಯೇ ಬಿಟ್ಟು ಮುಂದಿನದರ ಬೆನ್ನು ಹತ್ತುವುದು, ಆಮೇಲೆ ಹಿಂತಿರುಗಿ ಬಂದು ಚರ್ಮ, ನಾಲಗೆ, ಕೊಬ್ಬು ಇವಿಷ್ಟನ್ನು ತೆಗೆದುಕೊಂಡು ಉಳಿದ ಮಾಂಸವನ್ನು ಹದ್ದುಗಳಿಗೆ ಬಿಡುವುದು. ಆ ಕಾಲದಲ್ಲಿ ಮಾಂಸಕ್ಕೆ ಬೆಲೆಯಿರಲಿಲ್ಲ, ಯೂರೋಪಿಗೆ ಬೇಕಾಗಿದ್ದುದು ತೊಗಲು. ಮುಂದೆ ಮಾಂಸವನ್ನು ಉಪ್ಪು ಹಾಕಿ ಒಣಗಿಸುವ ಕಾರ್ಖಾನೆಗಳು ಬಂದುವು. ಬ್ರಜಿಲ್, ಕ್ಯೂಬಾಗಳ ತೋಟಗಳ ಗುಲಾಮರಿಗೆ ಆ ಮಾಂಸ ಆಹಾರವಾಯಿತು. ದನಕ್ಕೆ ಬೆಲೆ ಬಂದೊಡನೆ ನೆಲಕ್ಕೆ ಬೆಲೆ ಬಂದಿತು. ನೆಲಕ್ಕೆ ಬೆಲೆ ಬಂದೊಡನೆ, ಒಡೆಯನಿಲ್ಲದೆ ಅಲೆಯುವವನು ಅಪರಾಧಿಯಾದನು. 1815ರಲ್ಲಿ ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ ಹೊರಟ ಆಜ್ಞೆಯ ಪ್ರಕಾರ ಸ್ವಂತ ಆಸ್ತಿಯಿಲ್ಲದ ಗ್ರಾಮಸ್ಥನು ಆಳೆಂದೇ ಗಣ್ಯ; ಒಡೆಯನು ಸಹಿ ಮಾಡಿದ ಚೀಟಿಯನ್ನು ಅವನು ಸದಾ ಇಟ್ಟುಕೊಂಡಿರಬೇಕು, ಮೂರು ತಿಂಗಳಿಗೊಮ್ಮೆ ಅದನ್ನು ನವೀಕರಿಸಬೇಕು; ಚೀಟಿಯಿಲ್ಲದೆ ಸಿಕ್ಕವನು ಪುಂಡನೆಂದು ಸೈನ್ಯಕ್ಕೆ. ಗಾಳಿಯಂತೆ ಅಲೆದವನ ಜೇಬಿನಲ್ಲಿ ಇದ್ದುದು ಆ ಚೀಟಿ.

ತಂತಿ ಬಂದುದು 1840ರ ದಶಕದಲ್ಲಿ. ರಿಚರ್ಡ್ ನ್ಯೂಟನ್ ಎಂಬ ಇಂಗ್ಲಿಷ್ ಜಮೀನುದಾರನು ತನ್ನ ಮನೆಯ ತೋಟಕ್ಕೆ ದನ ನುಗ್ಗದಿರಲೆಂದು ಕಬ್ಬಿಣದ ತಂತಿಯನ್ನು ತರಿಸಿ ಹಾಕಿಸಿದನಂತೆ. 1855ರಲ್ಲಿ ಫ್ರಾನ್ಸಿಸ್ಕೊ ಹಾಲ್ಬಾಖ್ ಎಂಬಾತನು ತನ್ನ ಇಡೀ ಎಸ್ತಾನ್ಸಿಯದ ಸುತ್ತ ಬೇಲಿ ಕಟ್ಟಿಸಿದನು. ತೋಟವನ್ನು ಕಾಯಲು ಬಂದುದು ದೇಶವನ್ನೇ ಹಂಚಿತು. ಇಂಗ್ಲೆಂಡಿನಿಂದ ತರಿಸಿದ ಬೆಲೆಬಾಳುವ ಹೋರಿಗಳ ತಳಿ ಕೆಡದಿರಬೇಕಾದರೆ ಬೇಲಿ ಬೇಕು. ಶೀತಲೀಕರಣ ಯಂತ್ರವುಳ್ಳ ಹಡಗು 1876ರಲ್ಲಿ ಫ್ರಾನ್ಸಿನ ರೂವಾನಿನಿಂದ ಬ್ಯೂನಸ್ ಐರಿಸ್‌ಗೆ ಬಂದು ಮುಟ್ಟಿ, ಹಸಿಮಾಂಸವನ್ನು ಸಾಗರದಾಚೆಗೆ ಕಳುಹಿಸಬಹುದೆಂಬುದು ಸಿದ್ಧವಾದ ಮೇಲಂತೂ ಬೇಲಿಯಿಲ್ಲದ ನೆಲವು ವ್ಯರ್ಥವೆಂದಾಯಿತು. 1879ರಲ್ಲಿ ಜನರಲ್ ರೋಕಾ ಸೈನ್ಯವನ್ನು ನಡೆಸಿಕೊಂಡು ಹೋಗಿ ಪಾಂಪಾದ ಮೂಲನಿವಾಸಿಗಳನ್ನು ಹೊಡೆದು, ಸೆರೆಹಿಡಿದು, ಚದುರಿಸಿದ ದಂಡಯಾತ್ರೆಗೆ ಆ ಸರ್ಕಾರವು ಇಟ್ಟ ಹೆಸರು 'ಮರುಭೂಮಿಯ ವಿಜಯ'. ಜನರಿದ್ದ ನೆಲಕ್ಕೆ ಮರುಭೂಮಿಯೆಂದು ಹೆಸರಿಟ್ಟರೆ ಅರ್ಧ ಗೆದ್ದಂತೆಯೇ. ಗೆದ್ದ ನೆಲವು ಕೆಲವೇ ಕುಟುಂಬಗಳ ಪಾಲಾಯಿತು.

ಗೌಚೊವಿನ ದುಃಖವನ್ನು ಗೌಚೊವಿನ ನಾಲಗೆಯಲ್ಲೇ ಹೇಳಿದ 'ಮಾರ್ತೀನ್ ಫಿಯೆರ್ರೊ' ಎಂಬ ಕಾವ್ಯವನ್ನು ಹೊಸೆ ಎರ್ನಾಂದೆಸ್ ಪ್ರಕಟಿಸಿದುದು 1872ರಲ್ಲಿ. ಹೆಂಡತಿ ಮಕ್ಕಳೊಡನೆ ಇದ್ದವನನ್ನು ಬಲಾತ್ಕಾರವಾಗಿ ಗಡಿಕೋಟೆಗೆ ಒಯ್ದು, ಸಂಬಳ ಕೊಡದೆ ದುಡಿಸಿ, ಅವನು ಓಡಿ ಬಂದಾಗ ಮನೆಯೇ ಇಲ್ಲದಂತಾಗುವ ಕಥೆ ಅದು. ಅದನ್ನು ಬರೆದಾಗ ಅದು ಒಂದು ದೂರು. 1913ರಲ್ಲಿ ಲುಗೋನೆಸ್ ಎಂಬ ಕವಿಯು ರಾಜಧಾನಿಯ ರಂಗಮಂದಿರವೊಂದರಲ್ಲಿ ದೇಶದ ಪ್ರತಿಷ್ಠಿತರ ಮುಂದೆ ಅದೇ ಕಾವ್ಯವನ್ನು ರಾಷ್ಟ್ರದ ಮಹಾಕಾವ್ಯವೆಂದು ಕೊಂಡಾಡಿ ಉಪನ್ಯಾಸ ಮಾಡಿದನು. 1939ರಲ್ಲಿ ಬ್ಯೂನಸ್ ಐರಿಸ್ ಪ್ರಾಂತ್ಯವು ಎರ್ನಾಂದೆಸನ ಜನ್ಮದಿನವಾದ ನವೆಂಬರ್ 10ನ್ನು ಸಂಪ್ರದಾಯದ ದಿನವೆಂದು ಗೊತ್ತುಮಾಡಿತು. ದೂರು ಹೀಗೆ ಹಬ್ಬವಾಯಿತು. ಗೌಚೊ ಜೀವಂತನಾಗಿ ಅಲೆಯುತ್ತಿದ್ದಾಗ ಅವನಿಗೆ ಬೈಗುಳವಾಗಿದ್ದ ಹೆಸರು, ಅವನು ಬೇಲಿಯೊಳಗಿನ ಕೂಲಿಯಾದ ಮೇಲೆ, ಇಟಲಿಯಿಂದ ವಲಸಿಗರು ಹಡಗು ಹಡಗಾಗಿ ಬಂದಿಳಿಯುತ್ತಿದ್ದ ಕಾಲದಲ್ಲಿ, ಹಳೆಯ ಮನೆತನಗಳಿಗೆ ಹೆಮ್ಮೆಯ ಲಾಂಛನವಾದುದು ಆಶ್ಚರ್ಯವಲ್ಲ.

ಅರೆಕೊವಿನವನೇ ಆದ ರಿಕಾರ್ದೊ ಗ್ವಿರಾಲ್ದೆಸ್ ಬರೆದ 'ದೋನ್ ಸೆಗುಂದೊ ಸೋಂಬ್ರಾ' ಎಂಬ ಕಾದಂಬರಿ 1926ರದು; ದನ ಅಟ್ಟುವ ಹಿರಿಯನೊಬ್ಬನು ಅನಾಥ ಬಾಲಕನಿಗೆ ಕಸುಬನ್ನೂ ಬದುಕನ್ನೂ ಕಲಿಸುವ ಕಥೆ. ಅದು ಸೊಗಸಾದ ಪುಸ್ತಕ. ಆದರೆ ಬರೆದವನು ಎಸ್ತಾನ್ಸಿಯದ ಒಡೆಯರ ಮಗ, ಕಥಾನಾಯಕನಿಗೆ ಮಾದರಿಯಾದವನು ಆ ಜಮೀನಿನ ಆಳು ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು. ಇಬ್ಬರ ಸಮಾಧಿಗಳೂ ಅರೆಕೊವಿನ ಒಂದೇ ಶ್ಮಶಾನದಲ್ಲಿವೆ. ಇಲ್ಲೊಂದು ಸಂಗತಿಯನ್ನು ಕನ್ನಡಿಗರಿಗೆ ಹೇಳದೆ ಮುಂದುವರಿಯಲು ಮನಸ್ಸು ಬಾರದು. ಭಾರತೀಯ ತತ್ತ್ವಚಿಂತನೆಯಲ್ಲಿ ಆಸಕ್ತನಾಗಿದ್ದ ಗ್ವಿರಾಲ್ದೆಸ್ ನಮ್ಮ ದೇಶಕ್ಕೆ ಬರಬೇಕೆಂದು ಹಂಬಲಿಸಿ, ಬರಲಾಗದೆ, 1927ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನ ಪತ್ನಿ ಅದೆಲಿನಾ ದೆಲ್ ಕಾರ್ರಿಲ್ ಮುಂದೆ ಬಂದು ನೆಲಸಿದುದು ನಮ್ಮ ಬೆಂಗಳೂರಿನಲ್ಲಿ. ಅನೇಕ ವರ್ಷ ಇಲ್ಲಿದ್ದು, ಇಲ್ಲಿಯ ಬಾಲಕನೊಬ್ಬನನ್ನು ದತ್ತು ಪಡೆದು ಆಕೆ ತನ್ನ ನಾಡಿಗೆ ಹಿಂತಿರುಗಿದಳು. ಬಸ್ಸಿನಲ್ಲಿದ್ದ ಮೂವರು ಭಾರತೀಯ ವಿದ್ಯಾರ್ಥಿಗಳಲ್ಲಿ ಇಬ್ಬರು ಬೆಂಗಳೂರಿನವರು. ಅವರಿಗೆ ಇದನ್ನು ಯಾರೂ ಹೇಳಲಿಲ್ಲ. ಉತ್ತರದ ಬಿಸಿಪ್ರಾಂತ್ಯಗಳಾದ ಚಾಕೋ, ಕೊರಿಯೆಂತೆಸ್‌ಗಳಲ್ಲಿ ಮೇಯುವ ಇಣಿಯುಳ್ಳ ಬ್ರಾಹ್ಮನ್ ಮಿಶ್ರತಳಿಗಳ ಪೂರ್ವಜರಲ್ಲಿ ಗಿರ್, ಒಂಗೋಲ್‌ಗಳ ಜೊತೆಗೆ ನಮ್ಮ ಕೃಷ್ಣಾತೀರದ ದನವೂ ಒಂದೆಂಬುದನ್ನೂ ಹೇಳಲಿಲ್ಲ.

ಹಾಗಾದರೆ ಇಂತಹ ಪ್ರವಾಸಗಳು ಬೇಡವೆಂದು ನಾನು ಹೇಳುವವನಲ್ಲ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ತಿಳಿಯದ ಪಾಂಪಾದ ವಿಸ್ತಾರ ಬಸ್ಸಿನ ಕಿಟಕಿಯಿಂದ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಹೆಬ್ಬೆರಳು ತುಂಡಾದ ಕೈ ಲಗಾಮು ಹಿಡಿದುದನ್ನು ಕಂಡವನು ದನಗಾಹಿಯ ಕಸುಬನ್ನು ಇನ್ನು ಹಗುರವಾಗಿ ಎಣಿಸಲಾರನು. ನಾನು ಕೇಳುವುದು ಇಷ್ಟೇ: ಏಳು ಗಂಟೆಗಳ ಆ ದಿನದಲ್ಲಿ ಒಂದು ಗಂಟೆ ಕುಣಿತವನ್ನು ಕಡಮೆ ಮಾಡಿ, ಆ ಹಿರಿಯನನ್ನು ಜಗಲಿಯ ಮೇಲೆ ಕೂರಿಸಿ, ನಿನ್ನ ತಂದೆಗೆ ಇಲ್ಲಿ ಎಷ್ಟು ಕೂಲಿ ಇದ್ದಿತು, ನಿನಗೆಷ್ಟು, ದನ ಅಟ್ಟಿದರೆ ಹೆಚ್ಚು ಸಿಕ್ಕುವುದೋ ಉಂಗುರ ಕಿತ್ತರೆ ಹೆಚ್ಚು ಸಿಕ್ಕುವುದೋ, ನಿನ್ನ ಮಗ ಏನು ಮಾಡುತ್ತಾನೆ ಎಂದು ಮಕ್ಕಳಿಂದ ಕೇಳಿಸಬಾರದೆ? ಅವರು ಬಂದುದು ಸ್ಪ್ಯಾನಿಷ್ ಕಲಿಯುವುದಕ್ಕಲ್ಲವೆ? ಇದಕ್ಕಿಂತ ಒಳ್ಳೆಯ ವ್ಯಾಕರಣಪಾಠ ಎಲ್ಲಿ ಸಿಕ್ಕೀತು? ಅತಿಥಿಗಳಿಗೆ ಮುಜುಗರವಾದೀತೆಂದು ವ್ಯವಸ್ಥಾಪಕರು ಹೆದರುತ್ತಾರೆಂದು ಕಾಣುತ್ತದೆ. ವಿದ್ಯಾರ್ಥಿಯನ್ನು ಅತಿಥಿಯಂತೆ ಸತ್ಕರಿಸುವುದೇ ಅಲ್ಲಿ ನಡೆದ ತಪ್ಪು.

ನಮ್ಮಲ್ಲಿಯ ಮಾತು ಬೇರೆಯೆಂದು ಯಾರಾದರೂ ಸಮಾಧಾನಪಟ್ಟುಕೊಳ್ಳುವುದಾದರೆ ಅವರು ಒಮ್ಮೆ ಚಳ್ಳಕೆರೆಯ ಕಡೆಗೆ ಹೋಗಿ ಬರಲಿ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ 'ಬೆಣ್ಣೆ ಚಾವಡಿ'ಯಾಗಿದ್ದು ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಸೇರಿದ ಕಾವಲುಗಳು, ಎಂದರೆ ಮೇವಿನ ಬಯಲುಗಳು, ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಸೀಮೆಗಳಲ್ಲಿ ಹರಡಿಕೊಂಡಿದ್ದುವು. ಋತುವಿಗೊಂದರಂತೆ ಹಿಂಡುಗಳು ಕಾವಲಿನಿಂದ ಕಾವಲಿಗೆ ನಡೆಯುತ್ತಿದ್ದುವು. ಹಿಂಡಿನ ಜೊತೆಗೆ ಸುತ್ತಣ ಹಳ್ಳಿಗಳ ಕುರಿಗಳೂ ಮೇದು, ಆ ಉಣ್ಣೆಯಿಂದ ಕಂಬಳಿ ನೇಯ್ದು ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುವು. 2009ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಸಾವಿರಾರು ಎಕರೆ ಕಾವಲನ್ನು ರಕ್ಷಣಾ ಮತ್ತು ವೈಜ್ಞಾನಿಕ ಸಂಸ್ಥೆಗಳಿಗೆ ಹಂಚಿದರು. ಹುಲ್ಲಿನ ನಡುವೆ ಗೋಡೆ ಎದ್ದಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿಬಂದರು. ದೇಶಕ್ಕೆ ಆ ಸಂಸ್ಥೆಗಳು ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹುಲ್ಲುಗಾವಲಿಗೆ ಸರ್ಕಾರದ ಕಾಗದದಲ್ಲಿ 'ಪಾಳು' ಎಂದು ಹೆಸರು ಬೀಳುವುದಕ್ಕೂ ಪಾಂಪಾಕ್ಕೆ 'ಮರುಭೂಮಿ' ಎಂದು ಹೆಸರು ಬಿದ್ದುದಕ್ಕೂ ಹೆಚ್ಚು ಅಂತರ ನನಗೆ ಕಾಣದು. ಅಜ್ಜಂಪುರದ ತಳಿಕೇಂದ್ರದಲ್ಲಿ ಇಂದಿಗೂ ಆ ಬೂದುಬಣ್ಣದ, ಚೂಪುಗೊಂಬಿನ, ಪರಕೀಯನನ್ನು ಕಂಡೊಡನೆ ಮೂಗರಳಿಸಿ ಸಾಲಾಗಿ ತಿರುಗಿ ನಿಲ್ಲುವ ಹಿಂಡನ್ನು ನೋಡಬಹುದು. ನಮ್ಮ ಯಾವ ಕಾಲೇಜಿನ ಬಸ್ಸು ಅತ್ತ ತಿರುಗುತ್ತದೆಯೋ ನಾನರಿಯೆ.

ಸಂಜೆ ಐದಕ್ಕೆ ಬಸ್ಸು ಹೊರಟಿತು. ಹಿಂದಿನ ಹೊಲದ ದಾರಿಯಾಗಿ ಹೋಗಬೇಕಾದುದರಿಂದ, ನಮ್ಮ ಮಲೆನಾಡಿನ ಉಣುಗೋಲನ್ನು ನೆನಪಿಸುವ ಮರದ ಅಡ್ಡಪಟ್ಟಿಗಳ ದೊಡ್ಡ ಗೇಟೊಂದನ್ನು ತೆಗೆದು ಮತ್ತೆ ಮುಚ್ಚಬೇಕಾಗಿದ್ದಿತು. ಮೊಮ್ಮಗಳೂ ಆ ಧನ್ಯವಾದದ ಹುಡುಗನೂ ಇಳಿದುಹೋದರು. ಬಸ್ಸನ್ನು ದಾಟಿಸಿ, ಗೇಟನ್ನು ದೂಡಿ, ಸರಪಣಿಯನ್ನು ಕಂಬಕ್ಕೆ ಸುತ್ತಿ ಅವರು ಓಡಿ ಬರುತ್ತಿರುವಾಗ ಹಿರಿಯ ಗೌಚೊ ಕುದುರೆಯ ಮೇಲೆ ಹಿಂದಿನಿಂದಲೇ ಬಂದನು, ಏನೋ ಗದರಿದನು. ಇಬ್ಬರೂ ಹಿಂದಕ್ಕೆ ಹೋದರು. ಸರಪಣಿಯನ್ನು ಬರಿದೆ ಸುತ್ತಿದರೆ ಸಾಲದು, ಅದರ ಕೊಂಡಿಯನ್ನು ಕಂಬದ ಮೊಳೆಗೆ ಒಳಗಡೆಯಿಂದ ಸಿಕ್ಕಿಸಬೇಕು, ಇಲ್ಲವಾದರೆ ದನ ಮೂತಿಯಿಂದ ಎತ್ತಿ ತೆಗೆದುಬಿಡುತ್ತದೆ ಎಂದು, ಕುದುರೆಯಿಂದ ಇಳಿಯದೆ, ಬಗ್ಗಿ, ಎರಡು ಸಲ ಮಾಡಿ ತೋರಿಸಿ, ಮೂರನೆಯ ಸಲ ಅವಳ ಕೈಯಿಂದಲೇ ಮಾಡಿಸಿದನು. ಅವಳು ಬಸ್ಸು ಹತ್ತಿ ನನ್ನ ಪಕ್ಕದಲ್ಲಿ ಕುಳಿತು ಅಂಗೈ ತೋರಿಸಿದಳು, ತುಕ್ಕು ಹತ್ತಿದ್ದಿತು. "ತಾತ, ನಾನು ಮಾತೇ ಆಡಲಿಲ್ಲ, ಆದರೂ ಅವರು ಹೇಳಿದ್ದೆಲ್ಲ ಅರ್ಥವಾಯಿತು" ಎಂದಳು. ಹಿಂದಿನ ಗಾಜಿನಲ್ಲಿ ನೋಡಿದೆ. ಅವನು ಇನ್ನೂ ಅಲ್ಲೇ ನಿಂತು ಸರಪಣಿಯನ್ನು ಇನ್ನೊಮ್ಮೆ ಎಳೆದು ನೋಡುತ್ತಿದ್ದನು.